ಮಂಗಳವಾರದ ಫೋಟೋಗಳು

ಶಟರ್ ಇಳಿದಿತ್ತು ಎನ್ನುವುದನ್ನಾದರೂ ಎದೆ ತಟ್ಟಿ ಹೇಳಬಲ್ಲೆನೇ ಎಂದರೆ ಅದೂ ಇಲ್ಲ, ಯಾಕೆಂದರೆ ಹೋದ ವಾರ ಕಣ್ಣಾರೆ ಕಂಡ ಶಟರನ್ನೇ ನಾಲ್ಕು ವರ್ಷ ಹಿಂದಕ್ಕೆ ಹೊತ್ತೊಯ್ದು ಆ ಫೋಟೋಗಳೊಳಗೆ ನಿಲ್ಲಿಸಿಬಿಟ್ಟಿರಬಹುದು. ಫೋಟೋದಲ್ಲಿ ಸ್ಕೂಟರ್ ಇತ್ತು. ಅದರ ನಂಬರ್ ಪ್ಲೇಟ್ ಇತ್ತು. ಕಂಬದ ಮೇಲೆ ಪಾರ್ಕಿಂಗ್ ಬೋರ್ಡ್ ಇತ್ತು. ಈ ಮೂರರ ಬಗ್ಗೆ ನನಗೆ ಅನುಮಾನವಿಲ್ಲ. ಈ ಮೂರನ್ನು ನೋಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಸ್ಕೂಟರಿನ ಹಿಂದೆ ಅಡ್ಡಗೆರೆಗಳಿದ್ದ ಬೂದು ಬಣ್ಣದ್ದೇನೋ ಒಂದಿತ್ತು. ಅದನ್ನು ಶಟರ್ ಎಂದು ಆಗಲೇ ಗುರುತಿಸಿದ್ದೆನೋ, ಈಗ ಗುರುತಿಸುತ್ತಿದ್ದೇನೋ.

ಹೋದ ವಾರ ಕನ್ನಡಕದ ಗಾಜು ಬದಲಿಸಲು ಪುಣೆಯ ನಾರಾಯಣ ಪೇಠೆಯ ಆ ಓಣಿಗೆ ಹೋಗಿದ್ದೆ. ಜಿನುಗು ಮಳೆ. ಇಸ್ತ್ರಿ ಅಂಗಡಿಯಿಂದ ಇದ್ದಿಲ ಹೊಗೆ, ಒದ್ದೆ ಬಟ್ಟೆ ಬಿಸಿಯಾಗುವ ವಾಸನೆ. ನಾಲ್ಕು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ ನಾನು ಆ ಓಣಿಯನ್ನು ದಿನಕ್ಕೆ ಎಷ್ಟೋ ಸಲ ನೋಡುತ್ತಿದ್ದೆ, ಖರಾಡಿಯ ಒಂದು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಕೂತು, ಕಂಪ್ಯೂಟರಿನ ಪರದೆಯ ಮೇಲೆ. ಒಂದು ಸಲವೂ ಅಲ್ಲಿ ಕಾಲಿಟ್ಟಿರಲಿಲ್ಲ. ಅದಕ್ಕೊಂದು ವಾಸನೆ ಇರಬಹುದೆಂದು ಹೊಳೆದೇ ಇರಲಿಲ್ಲ. ಇಸ್ತ್ರಿ ಅಂಗಡಿಯ ಪಕ್ಕದ ಸಲೂನ್ ಮುಚ್ಚಿತ್ತು. ಯಾಕೆ ಮುಚ್ಚಿದೆ ಎಂದು ಇಸ್ತ್ರಿಯವನನ್ನು ಕೇಳಿದೆ. ಅವನು ಹೇಳಿದ್ದು ಎರಡು ಮಾತು. ಆ ಎರಡು ಮಾತಿಗೆ ನಾನು ಛತ್ರಿ ಮಡಚುವುದನ್ನು ಮರೆತು ಯಾಕೆ ನಿಂತುಬಿಟ್ಟೆ ಎಂದು ತಿಳಿಯಬೇಕಾದರೆ ಮೊದಲು ಇಷ್ಟು ಹೇಳಬೇಕು: ಆ ಮಳೆಗಾಲದ ಕೊನೆಯಲ್ಲಿ ನಾನು ಬರೆದುಕೊಟ್ಟ ಒಂದು ಪುಟದಿಂದ ಸರೋಜಾ ಬಡಿಗೇರ ಎಂಬುವರ ಕೆಲಸ ಹೋಯಿತು.

ಆ ವರ್ಷ ಊರಿನ ಪಾರ್ಕಿಂಗ್ ದಂಡದ ಕೆಲಸವನ್ನೆಲ್ಲ ಒಂದು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ಬೀದಿಯಲ್ಲಿ ಫೋಟೋ ತೆಗೆಯುವವರು ಕಂಪನಿಯವರು. ಫೋಟೋ ನೋಡಿ ತಪ್ಪು ಹೌದೋ ಅಲ್ಲವೋ ಎಂದು ಗುಂಡಿ ಒತ್ತುವವರು ಕಂಪನಿಯವರು. ಚಲನ್ ಕಳಿಸುವವರೂ ಅವರೇ, ಜನ ತಕರಾರು ಬರೆದರೆ ಉತ್ತರಿಸುವವರೂ ಅವರೇ. ಚಲನಿನ ತಲೆಯ ಮೇಲಿನ ಮುದ್ರೆ ಮಾತ್ರ ಸರ್ಕಾರದ್ದು. ಸರಿ ಎಂದು ಒಪ್ಪಿದ ಪ್ರತಿ ಚಲನಿಗೆ ಕಂಪನಿಗೆ ಇಷ್ಟು ಎಂದು ಸಿಗುತ್ತಿತ್ತು. ತಿರಸ್ಕರಿಸಿದ್ದಕ್ಕೆ ಏನೂ ಇಲ್ಲ. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿಡದ ಕಾರಣಕ್ಕೇ ಅದರಲ್ಲಿ ಏನೂ ಇಲ್ಲವೆಂದು ನಾವೆಲ್ಲ ಅಂದುಕೊಂಡಿದ್ದೆವು.

ನಾನು ದಾವಣಗೆರೆಯವನು. ಪುಣೆಗೆ ಬಂದದ್ದು ಪ್ರೂಫ್ ತಿದ್ದಲು. ಸೋಲಾಪುರ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳಿಗೆ ಗೈಡುಗಳನ್ನು ಅಚ್ಚು ಹಾಕುತ್ತಿದ್ದ ಒಂದು ಪ್ರೆಸ್ಸು ಸದಾಶಿವ ಪೇಠೆಯಲ್ಲಿತ್ತು. ಮೂರು ವರ್ಷ ಅಲ್ಲಿದ್ದೆ. ಪ್ರೆಸ್ಸು ಮುಚ್ಚಿದಾಗ, ತಪ್ಪು ಹುಡುಕುವ ಕಣ್ಣು ಇನ್ನೆಲ್ಲಿ ಮಾರಾಟವಾಗುತ್ತದೆ ಎಂದು ಅಲೆದು ಖರಾಡಿಗೆ ಬಂದೆ. ಗುಂಡಿ ಒತ್ತುವವರು ಒತ್ತಿದ್ದನ್ನು ಆರಿಸಿ ಮತ್ತೊಮ್ಮೆ ನೋಡುವ ಕೆಲಸ ಸಿಕ್ಕಿತು. ಪ್ರೂಫ್ ನೋಡುವವನು ಓದಬಾರದು. ಓದಿದರೆ ಅರ್ಥದ ಬೆನ್ನು ಹತ್ತಿ ಅಕ್ಷರ ಕೈತಪ್ಪುತ್ತದೆ. ಹಾಗಾಗಿ ನಾನು ಫೋಟೋಗಳನ್ನೂ ಓದುತ್ತಿರಲಿಲ್ಲ. ಪ್ಲೇಟು, ಬೋರ್ಡು, ಯಂತ್ರ ಒತ್ತಿದ ದಿನಾಂಕ, ಮುಂದೆ.

ಗುಂಡಿ ಒತ್ತುವವರಲ್ಲಿ ಸರೋಜಾ ಒಬ್ಬರು, ನನ್ನಿಂದ ಎರಡು ಸಾಲು ಮುಂದೆ ಕೂರುತ್ತಿದ್ದರು. ಮೂಲ ವಿಜಾಪುರದ ಕಡೆಯವರು, ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತು ವರ್ಷ. ಮೊದಲು ಇದೇ ದಂಡದ ಚೀಟಿಗಳ ಸರ್ಕಾರಿ ಕೌಂಟರಿನಲ್ಲಿ ದಿನಗೂಲಿಯ ಮೇಲೆ ಟೈಪ್ ಮಾಡುತ್ತಿದ್ದರಂತೆ. ಪೊಲೀಸಿನವನ ಕೈಬರಹದ ಗುಲಾಬಿ ಚೀಟಿ ಬರುವುದು, ಅದರ ಹಿಂದೆಯೇ ದಂಡ ಕಟ್ಟಬೇಕಾದ ಮನುಷ್ಯನೂ ಬರುವುದು, ಅವನು ಕಿಟಕಿಗೆ ಮೂಗು ಒತ್ತಿ ಜಗಳ ಆಡುವುದು. ಎಂಟು ವರ್ಷ ಇದನ್ನು ನೋಡಿದ್ದರು. ಕೆಲಸ ಗುತ್ತಿಗೆಗೆ ಹೋದ ದಿನವೇ ಕೌಂಟರ್ ಮುಚ್ಚಿತು. ಹಳಬರಲ್ಲಿ ಕೆಲವರನ್ನು ಕಂಪನಿ ಆರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡಿತು. ಪರೀಕ್ಷೆ ದಾಟಿದರೆ ಕಾಯಂ. ದಾಟದಿದ್ದರೆ ಹಿಂದಕ್ಕೆ ಹೋಗಲು ಕೌಂಟರೇ ಇಲ್ಲ.

ನಾನು ಮೊದಲ ದಿನ ಅವರನ್ನು ಸರೋಜಮ್ಮ ಎಂದೆ. ಅವರು ಕುರ್ಚಿ ತಿರುಗಿಸಿ, "ಅಮ್ಮ ಗಿಮ್ಮ ಬ್ಯಾಡ್ರಿ ಸರ್, ಮೊದಲ ತಲೀ ಬೆಳ್ಳಗಾಗ್ಯದ. ನಿಮಗರ ಆ ಚಿಂತಿ ಇಲ್ಲ" ಎಂದರು. ನನ್ನ ತಲೆಯಲ್ಲಿ ಮೂವತ್ತರ ಹೊತ್ತಿಗೇ ಕೂದಲು ಮುಗಿದಿತ್ತು. ಕಿವಿಯ ಮೇಲೆ ಉಳಿದ ನಾಲ್ಕು ಎಳೆಯನ್ನು ಮನೆಯಲ್ಲಿ ಕನ್ನಡಿಯ ಮುಂದೆ ನಾನೇ ಕತ್ತರಿಸಿಕೊಳ್ಳುತ್ತೇನೆ. ಈ ವಿವರ ಇಲ್ಲಿ ಬರೀ ತಮಾಷೆಗೆ ಬರುತ್ತಿಲ್ಲ.

ಆ ಮಳೆಗಾಲ ಪುಣೆಯ ಎಲ್ಲ ಮಳೆಗಾಲದಂತೆ ಗದ್ದಲವಿಲ್ಲದೆ ಶುರುವಾಯಿತು. ಸುರಿಯುವುದಿಲ್ಲ, ನಿಲ್ಲುವುದೂ ಇಲ್ಲ. ಚಂದನನಗರದ ನನ್ನ ಖೋಲಿಯಲ್ಲಿ ಟವೆಲ್ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಫೋಟೋಗಳಲ್ಲೂ ಮಳೆ. ಲೆನ್ಸಿನ ಮೇಲೆ ಹನಿ ಬಿದ್ದು ನಂಬರಿನ ಒಂದಂಕಿ ಊದಿಕೊಂಡಿರುತ್ತಿತ್ತು. ಫೋಟೋ ತೆಗೆಯುವವರು ಮೊಬೈಲನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟೇ ಗುಂಡಿ ಒತ್ತುತ್ತಿದ್ದರು. ಚೀಲದ ಮಡಿಕೆ ರಸ್ತೆಗೆ ಅಡ್ಡ ಮಿಂಚಿನಂತೆ ಬಿದ್ದಿರುತ್ತಿತ್ತು. ತಕರಾರಿನ ಪತ್ರಗಳೂ ಆಗಲೇ ಹೆಚ್ಚಾದವು. ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಚಕ್ರದ ಗಾಳಿ ಬಿಡಲಾಗುವುದು ಎಂದು ಬೋರ್ಡ್ ಬರೆಸುವ ಊರು ಇದು. ಇಲ್ಲಿನವರು ದಂಡ ಕಟ್ಟುವುದಕ್ಕಿಂತ ನಾಲ್ಕು ಪುಟ ಬರೆಯುವುದನ್ನು ಇಷ್ಟಪಡುತ್ತಾರೆ. ನಮ್ಮ ಬಳಿ ಉತ್ತರಗಳು ಮೊದಲೇ ತಯಾರಿದ್ದವು, ನಂಬರು ಹಾಕಿ. ನಿವೃತ್ತ ಮೇಷ್ಟರೊಬ್ಬರು ಓಣಿಯ ನಕ್ಷೆ ಬರೆದು, ತಮ್ಮ ಗಾಡಿ ಎಲ್ಲಿತ್ತೆಂದು ಬಾಣದ ಗುರುತು ಹಾಕಿ, ನಿಮ್ಮ ಚಲನಿನ ದಿನಾಂಕಕ್ಕೂ ನನ್ನ ಗಾಡಿಗೂ ಒಂದು ದಿನದ ಅಂತರವಿದೆ ಎಂದು ಮರಾಠಿಯಲ್ಲಿ ಸೊಗಸಾಗಿ ಬರೆದಿದ್ದರು. ನಾನು ನಕ್ಷೆಯನ್ನು ಮೆಚ್ಚಿಕೊಂಡು ನಾಲ್ಕನೇ ನಂಬರಿನ ಉತ್ತರ ಕಳಿಸಿದೆ. ಅದರಲ್ಲಿ, ಯಂತ್ರ ದಾಖಲಿಸಿದ ದಿನಾಂಕವೇ ಅಂತಿಮ ಎಂದಿತ್ತು.

ಆ ಮೇಷ್ಟರ ಓಣಿಯೇ ಈ ಓಣಿ. ಇಲ್ಲಿನ ನಿಯಮ ಗೊತ್ತಿಲ್ಲದವರಿಗೆ ಒಂದು ಮಾತು. ಪುಣೆಯ ಹಳೆಯ ಪೇಠೆಗಳ ಇಕ್ಕಟ್ಟು ಓಣಿಗಳಲ್ಲಿ ಸಮ ತಾರೀಖಿನಂದು ಒಂದು ಬದಿಗೆ ಗಾಡಿ ನಿಲ್ಲಿಸಬೇಕು, ಬೆಸ ತಾರೀಖಿನಂದು ಎದುರು ಬದಿಗೆ. ದಿನ ಬದಲಾದರೆ ಓಣಿಯ ಗಾಡಿಗಳೆಲ್ಲ ದಾಟಬೇಕು. ಮೂವತ್ತೊಂದೂ ಬೆಸ, ಮರುದಿನದ ಒಂದೂ ಬೆಸ. ಅವತ್ತು ಮಾತ್ರ ದಾಟುವುದಕ್ಕೆ ರಜೆ. ಈ ಓಣಿಯವರು ತಮ್ಮ ಸ್ಕೂಟರುಗಳ ಒಂದೊಂದು ಬೀಗದ ಕೈಯನ್ನು ಇಸ್ತ್ರಿ ಅಂಗಡಿಯಲ್ಲಿ ಮೊಳೆಗೆ ತೂಗುಹಾಕಿರುತ್ತಾರೆ. ಬೆಳಿಗ್ಗೆ ಇದ್ದಿಲು ಹೊತ್ತಿಕೊಳ್ಳುವವರೆಗೆ ಇಸ್ತ್ರಿಯವನು ಒಂದೊಂದಾಗಿ ಎಲ್ಲವನ್ನೂ ಎದುರು ಬದಿಗೆ ದಾಟಿಸುತ್ತಾನೆ. ಪ್ರತಿಯಾಗಿ ಓಣಿಯ ಬಟ್ಟೆಯೆಲ್ಲ ಅವನಿಗೇ. ಇದನ್ನು ನನಗೆ ಹೇಳಿದವರು ಸರೋಜಾ.

ಶ್ರಾವಣ ಕಳೆಯುವ ಹೊತ್ತಿಗೆ ಮ್ಯಾನೇಜರ್ ನೀಲೇಶ ನನ್ನನ್ನು ಒಳಗೆ ಕರೆದ. ನನಗಿಂತ ಹದಿನೈದು ವರ್ಷ ಚಿಕ್ಕವನು, ಲೋಣಾವಳಾದವನು, ಪ್ರತಿ ಸೋಮವಾರ ಊರಿಂದ ಬರುವಾಗ ಚಿಕ್ಕಿ ತಂದು ಎಲ್ಲರಿಗೂ ಹಂಚುತ್ತಿದ್ದ. ಗಡ್ಡವನ್ನು ಅಳತೆಗೋಲಿಟ್ಟು ಗೆರೆ ಎಳೆದಂತೆ ಟ್ರಿಮ್ ಮಾಡಿಸಿಕೊಂಡಿರುತ್ತಿದ್ದ. ಅವತ್ತು ನನಗೊಬ್ಬನಿಗೇ ಒಂದು ಇಡೀ ಪೊಟ್ಟಣ ಕೊಟ್ಟ. ಸರೋಜಾ ಒಂದೇ ಓಣಿಯ ಫೋಟೋಗಳನ್ನು ಮತ್ತೆ ಮತ್ತೆ ತಿರಸ್ಕರಿಸುತ್ತಿದ್ದಾರೆ, ಕಾರಣದ ಜಾಗದಲ್ಲಿ ದಿನಾಂಕ ತಪ್ಪು ಎಂದು ಬರೆಯುತ್ತಾರೆ, ಯಂತ್ರದ ದಿನಾಂಕ ತಪ್ಪು ಎನ್ನುವುದಕ್ಕೆ ಇವರು ಯಾರು ಎಂದ. ಅವರು ಬಂದು ತನಗೆ ಏನೋ ವಿವರಿಸಲು ನೋಡಿದರಂತೆ, ಇವನಿಗೆ ಅರ್ಥವಾಗಲಿಲ್ಲವಂತೆ. ಆಮೇಲೆ ದನಿ ತಗ್ಗಿಸಿ, ಅವರು ನಿಮ್ಮ ಭಾಷೆಯವರು, ನಿಮ್ಮ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ, ಸ್ವಲ್ಪ ನೋಡಿ ಎಂದ.

ನಾನು ಹಿಂದುಮುಂದು ನೋಡಿದೆನೆಂದು ಬರೆಯಲು ಇಷ್ಟ. ಬರೆದರೆ ಯಾರೂ ಪ್ರಶ್ನಿಸಲಾರರು. ಆದರೆ ಆ ಚಿಕ್ಕಿ ಶೇಂಗಾದ್ದಲ್ಲ, ಗೋಡಂಬಿಯದು ಎಂದು ಗಮನಿಸಿದ್ದು ಬಿಟ್ಟರೆ ಬೇರೆ ಯಾವ ಭಾವನೆಯೂ ನೆನಪಿಗೆ ಬರುತ್ತಿಲ್ಲ.

ಅವರು ತಿರಸ್ಕರಿಸಿದ್ದನ್ನೆಲ್ಲ ಹೊರಗೆ ತೆಗೆದೆ. ಎಂಟು ಫೋಟೋ. ಎಲ್ಲವೂ ಅದೇ ಓಣಿಯ ಒಂದೇ ಬದಿಯವು. ಎಲ್ಲದರ ಮೇಲೂ ಯಂತ್ರ ಒತ್ತಿದ್ದು ಮಂಗಳವಾರದ ತಾರೀಖು. ಆ ತಾರೀಖಿನ ಪ್ರಕಾರ ಗಾಡಿಗಳು ತಪ್ಪು ಬದಿಯಲ್ಲಿದ್ದವು. ಎಂಟಕ್ಕೆ ಎಂಟೂ ಮಂಗಳವಾರ ಎನ್ನುವುದು ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಮಂಗಳವಾರ ಆ ಓಣಿಗೆ ಯಾರೋ ಬರುತ್ತಾರೆ, ಅವರನ್ನು ಇವರು ಉಳಿಸುತ್ತಿದ್ದಾರೆ ಎಂದು ಲೆಕ್ಕ ಹಾಕಿದೆ. ಬೇರೆ ಲೆಕ್ಕವೂ ಇರಬಹುದೆಂದು ತೋಚಲಿಲ್ಲ. ಒಮ್ಮೆ ಅನುಮಾನ ಶುರುವಾದ ಮೇಲೆ ಸಿಕ್ಕಿದ್ದೆಲ್ಲ ಅದಕ್ಕೆ ಮೇವಾಗುತ್ತದೆ.

ಸಂಜೆ ಐದಕ್ಕೆ ಕಟ್ಟಡದ ಹೊರಗೆ ಚಹಾದ ಗಾಡಿ. ಅಲ್ಲಿ ಅವರನ್ನು ಮಾತಿಗೆ ಎಳೆದೆ. ನದಿಯ ಕಡೆಯಿಂದ ಡೋಲು ತಾಶೆಯ ಅಭ್ಯಾಸದ ಸದ್ದು ಬರುತ್ತಿತ್ತು, ಗಣಪತಿಗೆ ತಿಂಗಳು ಮುಂಚಿನಿಂದಲೇ ಅವರು ಶುರು ಮಾಡುತ್ತಾರೆ. ಅಲ್ಲ. ಇದು ತಪ್ಪು. ನಮ್ಮ ಮಾತು ನಡೆದದ್ದು ಗಣಪತಿ ವಿಸರ್ಜನೆಯಾದ ಮೇಲೆ, ಯಾಕೆಂದರೆ ಅವತ್ತು ಸರೋಜಾ ಡಬ್ಬಿಯಲ್ಲಿ ಉಳಿದಿದ್ದ ಕರ್ಚಿಕಾಯಿ ಕೊಟ್ಟಿದ್ದರು. ಡೋಲು ಆ ಹೊತ್ತಿಗೆ ನಿಂತಿತ್ತು. ಅಂದರೆ ಅವರು ಹೇಳಿದ್ದು ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ ಎನ್ನುವ ದಾರಿಯೂ ನನಗೆ ಉಳಿದಿಲ್ಲ. ಗಾಡಿಯ ತಗಡಿನ ಮೇಲೆ ಸಣ್ಣ ಮಳೆ ಇತ್ತು, ಅಷ್ಟೇ.

ನಾನು ಆ ಓಣಿಯ ಹೆಸರು ಎತ್ತುವ ಮೊದಲೇ ಅವರು ಎತ್ತಿದರು. ಕನ್ನಡದಲ್ಲಿ ಮಾತಾಡುವವರು ಸಿಕ್ಕರೆಂದು ಅವರಿಗೆ ಹಿಗ್ಗು. ಇಸ್ತ್ರಿಯವನ ಮೊಳೆ, ಬೀಗದ ಕೈ, ಮೂವತ್ತೊಂದನೇ ತಾರೀಖಿನ ರಜೆ ಎಲ್ಲ ಹೇಳಿದರು. ಇದೆಲ್ಲ ಹೇಗೆ ಗೊತ್ತು ಎಂದೆ, ಏನೂ ಅರಿಯದವನ ಹಾಗೆ.

"ನಮ್ಮ ಮೈದುನ ಅದ ಓಣ್ಯಾಗ ಇರ್ತಾನಲ್ರಿ. ಅಂವನ ಗಾಡೀನೂ ಬಂದಿತ್ತು ನೋಡ್ರಿ ಫೋಟೋದಾಗ, ಎರಡು ಸಲ. ನಾ ತಗದ ಒಗದೆ."

ಇಷ್ಟು ಸಲೀಸಾಗಿ ಹೇಳಿದರು. ಕದ್ದವರು ಹೀಗೆ ಹೇಳುತ್ತಾರೆಯೇ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು, ಹೇಳಿಬಿಟ್ಟರಲ್ಲ ಎಂದು. ದಿನಾಂಕ ತಪ್ಪು ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದೆ.

"ಗಾಡಿ ನೋಡಬ್ಯಾಡ್ರಿ ಸರ್. ಗಾಡಿ ಸುತ್ತ ನೋಡ್ರಿ. ಕೌಂಟರಿನ್ಯಾಗ ನಾವು ಹಂಗ ಕಲತದ್ದು. ಅಲ್ಲಿ ಸಲೂನ್ ಬಂದ್ ಅದ ನೋಡ್ರಿ."

ಮಳೆಯಿಂದ ನೆಟ್‌ವರ್ಕ್ ಸಿಗುವುದಿಲ್ಲ, ಬೀದಿಯವರು ಫೋಟೋ ತೆಗೆದದ್ದು ಇವತ್ತಾದರೆ ಕಳಿಸುವುದು ನಾಳೆ, ಯಂತ್ರ ತನಗೆ ಬಂದು ಮುಟ್ಟಿದ ದಿನದ ಮುದ್ರೆ ಒತ್ತುತ್ತದೆ ಎಂದೂ ಹೇಳಿದರು. ಇದನ್ನು ನಾನು ಕೇಳಿಸಿಕೊಂಡೆ. ಮೇಲೆ ಹೋಗಿ ಫೋಟೋಗಳನ್ನು ತೆರೆದು ನೋಡಿದೆ. ಸಲೂನ್ ಮುಚ್ಚಿತ್ತು. ಮುಚ್ಚದೆ ಇನ್ನೇನು, ಮಂಗಳವಾರ! ನಮ್ಮೂರಿನಲ್ಲಿ ಹುಟ್ಟಿದಾಗಿನಿಂದ ನೋಡಿದ್ದೇನೆ. ಮಂಗಳವಾರ ಕ್ಷೌರದ ಅಂಗಡಿ ತೆರೆದದ್ದು ಇಲ್ಲ. ಅಪ್ಪ ಮಂಗಳವಾರ ಉಗುರನ್ನೂ ಕತ್ತರಿಸಲು ಬಿಡುತ್ತಿರಲಿಲ್ಲ. ಅಂದಮೇಲೆ ಫೋಟೋ ಮಂಗಳವಾರದ್ದೇ. ಯಂತ್ರದ ಮುದ್ರೆ ಸರಿ. ಇವರು ತೋರಿಸಿದ ಸಾಕ್ಷಿಯೇ ಇವರ ಸುಳ್ಳನ್ನು ಬಯಲು ಮಾಡುತ್ತಿದೆ. ಪ್ರೂಫಿನಲ್ಲಿ ದೊಡ್ಡ ತಪ್ಪು ಸಿಕ್ಕಿದಾಗ ಬೆರಳ ತುದಿಗೆ ಬರುವ ಒಂದು ಚುರುಕು ಇದೆ. ಅದು ಬಂತು.

ಒಂದು ಪುಟ ಬರೆದೆ, ಇಂಗ್ಲಿಷಿನಲ್ಲಿ. ಎರಡು ಅಂಶ. ಒಂದು, ತಿರಸ್ಕರಿಸಿದ ಗಾಡಿಗಳಲ್ಲಿ ಒಂದು ಸರೋಜಾ ಅವರ ಗಂಡನ ತಮ್ಮನದು; ಇದನ್ನು ಅವರೇ ಒಪ್ಪಿದ್ದಾರೆ. ಎರಡು, ಫೋಟೋಗಳಲ್ಲಿ ಸಲೂನ್ ಮುಚ್ಚಿರುವುದರಿಂದ ಅವು ಮಂಗಳವಾರ ತೆಗೆದವೇ ಎನ್ನುವುದು ಖಚಿತ. ಯಂತ್ರದ ದಿನಾಂಕ ಸರಿಯಾಗಿದೆ.

ನೀಲೇಶ ನನ್ನೆದುರಿಗೇ ಓದಿದ. ಮೊದಲನೆಯದನ್ನು ಓದಿ ತಲೆಯಾಡಿಸಿದ. ಎರಡನೆಯದಕ್ಕೆ ಬಂದಾಗ ಅವನ ಕಣ್ಣು ನಿಂತಿತು. ನನ್ನ ಮುಖ ನೋಡಿದ, ನನ್ನ ತಲೆಯನ್ನೂ ನೋಡಿದ ಅನ್ನಿಸುತ್ತದೆ, ಆಮೇಲೆ ಗಡ್ಡ ಸವರಿಕೊಂಡ. ಪೆನ್ನು ತೆಗೆದು ಎರಡನೇ ಅಂಶದ ಮೇಲೆ ನೀಟಾಗಿ ಒಂದು ಗೆರೆ ಎಳೆದ. ಇಷ್ಟು ಉದ್ದ ಬೇಡ, ಮೊದಲನೆಯದೇ ಸಾಕು, ಛಾನ್, ಚೆನ್ನಾಗಿದೆ ಎಂದ. ನನಗೆ ಸ್ವಲ್ಪ ಬೇಜಾರಾಯಿತು. ನನ್ನ ಜಾಣತನವೆಲ್ಲ ಇದ್ದದ್ದು ಎರಡನೆಯದರಲ್ಲೇ. ಹೊಸದಾಗಿ ಟೈಪ್ ಮಾಡಿ ಸಹಿ ಹಾಕಿದೆ. ಆ ಪ್ರತಿ ಈಗಲೂ ನನ್ನ ಕಡತದಲ್ಲಿದೆ. ಅದರಲ್ಲಿ ಸಲೂನಿನ ಮಾತಿಲ್ಲ. ಗೆರೆ ಎಳೆದ ಪುಟ ಅವನ ಹತ್ತಿರವೇ ಉಳಿಯಿತು. ಹಾಗಾಗಿ ನಾನು ಶಟರನ್ನು ಕಂಡಿದ್ದೆ, ಅದರ ಬಗ್ಗೆ ಬರೆದಿದ್ದೆ ಎನ್ನುವುದಕ್ಕೆ ಇವತ್ತು ನನ್ನ ಮಾತು ಬಿಟ್ಟರೆ ಬೇರೆ ಪುರಾವೆ ಇಲ್ಲ. ನನ್ನ ಮಾತಿನ ಮೇಲೆ ನನಗೆ ಎಷ್ಟು ನಂಬಿಕೆಯಿದೆ ಎನ್ನುವುದು ಇಷ್ಟು ಹೊತ್ತಿಗೆ ಓದುವವರಿಗೂ ತಿಳಿದಿರಬೇಕು.

ಸರೋಜಾರನ್ನು ಒಳಗೆ ಕರೆದ ದಿನ ನಾನು ನನ್ನ ಜಾಗದಲ್ಲೇ ಇದ್ದೆ. ಗಾಜಿನ ಆಚೆ ಅವರ ಬೆನ್ನು ಕಾಣುತ್ತಿತ್ತು. ಗಾಡಿ ಮೈದುನನದು ಹೌದೋ ಅಲ್ಲವೋ ಎಂದು ಮಾತ್ರ ಕೇಳಿದರಂತೆ. ಹೌದು ಎಂದರಂತೆ. ಮತ್ತೇನೋ ಹೇಳಲು ಬಾಯಿ ತೆರೆದಾಗ, ಅದು ಬೇರೆ ವಿಷಯ ಎಂದರಂತೆ. ಇದೆಲ್ಲ ಪಕ್ಕದ ಸಾಲಿನವರು ಆಮೇಲೆ ಹೇಳಿದ್ದು. ಆರು ತಿಂಗಳಿಗೆ ಇನ್ನೂ ಮೂರು ವಾರವಿತ್ತು. ಅಷ್ಟರವರೆಗೂ ಇಟ್ಟುಕೊಳ್ಳಲಿಲ್ಲ. ಡ್ರಾಯರಿನಿಂದ ನೀರಿನ ಬಾಟಲಿ, ಒಂದು ಸ್ವೆಟರ್, ಕರ್ಚಿಕಾಯಿ ತಂದಿದ್ದ ಆ ಡಬ್ಬಿ ತೆಗೆದು ಚೀಲಕ್ಕೆ ಹಾಕಿಕೊಂಡು ನನ್ನ ಮುಂದಿನಿಂದಲೇ ಹಾದು ಹೋದರು. ನಿಂತು ಏನಾದರೂ ಅಂದಿದ್ದರೆ ಒಳ್ಳೆಯದಿತ್ತು. "ಬರ್ತೀನ್ರಿ ಸರ್" ಎಂದಷ್ಟೇ ಹೇಳಿ ಲಿಫ್ಟಿನ ಕಡೆಗೆ ನಡೆದರು. ಮೈದುನನ ಗಾಡಿಯ ಮಾತು ನನಗೊಬ್ಬನಿಗೇ ಹೇಳಿದ್ದೆಂದು ಅವರಿಗೆ ಗೊತ್ತಿರಲೇಬೇಕು. ದೀಪಾವಳಿಗೆ ಮುಂಚೆ ನನ್ನ ಗುತ್ತಿಗೆ ಒಂದು ವರ್ಷ ಮುಂದುವರಿಯಿತು.

ಇನ್ನು ಇಸ್ತ್ರಿಯವನ ಎರಡು ಮಾತು. ಹೋದ ವಾರ, ಸಲೂನ್ ಯಾಕೆ ಮುಚ್ಚಿದೆ ಎಂದು ಕೇಳಿದ್ದಕ್ಕೆ ಅವನು ಇಸ್ತ್ರಿಪೆಟ್ಟಿಗೆ ಎತ್ತದೆಯೇ, "ಆಜ್ ಸೋಮವಾರ್ ನಾ" ಎಂದ. ಇವತ್ತು ಸೋಮವಾರವಲ್ಲವೇ. ಆಮೇಲೆ ತಲೆಯೆತ್ತಿ ನನ್ನ ನೆತ್ತಿ ನೋಡಿ, ನಿಮಗೆ ಅದರಿಂದ ಆಗಬೇಕಾದ್ದೇನು ಎಂದು ಮರಾಠಿಯಲ್ಲಿ ಕೇಳಿದ. ಪಕ್ಕದಲ್ಲಿ ಬಟ್ಟೆಗೆ ಕಾದಿದ್ದವರು ನಕ್ಕರು.

ಎಲ್ಲ ಸಲೂನೂ ಸೋಮವಾರವೇ ಮುಚ್ಚುವುದೇ ಎಂದೆ. ಇಡೀ ಪುಣೆಯಲ್ಲಿ, ಇನ್ನೇನು, ಎಂದ. ಮಂಗಳವಾರ? ಮಂಗಳವಾರ ಯಾಕೆ ಮುಚ್ಚುತ್ತಾರೆ.

ಏಳು ವರ್ಷದಿಂದ ಈ ಊರಿನಲ್ಲಿದ್ದೇನೆ. ಸೋಮವಾರ ಇಳಿದ ಶಟರುಗಳನ್ನು ಎಷ್ಟು ಸಲ ದಾಟಿ ಹೋಗಿದ್ದೇನೋ. ಕೂದಲಿದ್ದವನಾದರೆ ಮೊದಲ ತಿಂಗಳೇ ಒಂದು ಸೋಮವಾರ ಹೋಗಿ ವಾಪಸು ಬಂದು ಕಲಿತಿರುತ್ತಿದ್ದೆ. ಫೋಟೋಗಳು ಸೋಮವಾರದವು. ಸೋಮವಾರದ ಮಟ್ಟಿಗೆ ಗಾಡಿಗಳು ಸರಿಯಾದ ಬದಿಯಲ್ಲೇ ಇದ್ದವು. ಮರುದಿನ ನೆಟ್‌ವರ್ಕ್ ಸಿಕ್ಕಾಗ ಕಳಿಸಿದರು, ಯಂತ್ರ ಮಂಗಳವಾರದ ಮುದ್ರೆ ಒತ್ತಿತು, ಸಮ ಬೆಸವಾಯಿತೋ ಬೆಸ ಸಮವಾಯಿತೋ, ನಿಯಮ ತಲೆಕೆಳಗಾಯಿತು. ಸರೋಜಾ ಹೇಳಿದ್ದು ಅಕ್ಷರಶಃ ಇದನ್ನೇ. ಉಳಿದ ದಿನಗಳಲ್ಲೂ ಹೀಗೇ ತಡವಾಗಿರಬೇಕು. ಆದರೆ ಆ ದಿನಗಳಲ್ಲಿ ಸಲೂನ್ ತೆರೆದಿರುತ್ತದೆ, ಬುಧವಾರಕ್ಕೂ ಗುರುವಾರಕ್ಕೂ ವ್ಯತ್ಯಾಸ ಹೇಳುವಂಥದ್ದು ಫೋಟೋದಲ್ಲಿ ಏನೂ ಇರುವುದಿಲ್ಲ. ಅವರು ತೋರಿಸಬಹುದಾದದ್ದನ್ನು ಮಾತ್ರ ತಿರಸ್ಕರಿಸಿದ್ದರು. ಉಳಿದವೆಲ್ಲ, ನಕ್ಷೆ ಬರೆದ ಮೇಷ್ಟರದೂ ಸೇರಿ, ನನ್ನ ಕಣ್ಣಿನಡಿಯಲ್ಲೇ ಹಾದು ಹೋದವು.

ಇನ್ನೊಂದಿದೆ. ನೀಲೇಶನಿಗೆ ಗೊತ್ತಿತ್ತು. ಗಡ್ಡಕ್ಕೆ ಅಷ್ಟು ನೀಟಾಗಿ ಗೆರೆ ಹಾಕಿಸಿಕೊಳ್ಳುವ, ಈ ನೆಲದಲ್ಲೇ ಹುಟ್ಟಿದ ಮನುಷ್ಯನಿಗೆ ಸಲೂನಿನ ರಜೆ ಯಾವತ್ತು ಎಂದು ಗೊತ್ತಿಲ್ಲದೆ ಇರುವುದು ಸಾಧ್ಯವಿಲ್ಲ. ನನ್ನ ಎರಡನೇ ಅಂಶ ಸರೋಜಾರನ್ನು ಉಳಿಸುವ ಸಾಕ್ಷಿ ಎಂದು ಓದುತ್ತಲೇ ಅವನಿಗೆ ಹೊಳೆದಿದೆ. ಒಂದು ಮಳೆಗಾಲದ ಚಲನ್‌ಗಳೆಲ್ಲ ಅದರ ಜೊತೆ ಬೀಳುತ್ತವೆ ಎಂದೂ ಹೊಳೆದಿದೆ. ಗೆರೆ ಎಳೆದ. ಹೀಗೆ ನಾನು ಕಟ್ಟುತ್ತಿದ್ದೇನೆ. ನಿಜಕ್ಕೂ ಪುಟ ಉದ್ದವಾಯಿತೆಂದೇ ಹೊಡೆದುಹಾಕಿರಬಹುದು. ನಾಲ್ಕು ವರ್ಷದ ಹಿಂದೆ ಸರೋಜಾರ ವಿಷಯದಲ್ಲೂ ಇಷ್ಟೇ ಚೊಕ್ಕಟವಾಗಿ ಕಟ್ಟಿದ್ದೆ, ಒಂದೂ ಬಿರುಕಿಲ್ಲದಂತೆ. ಬೆರಳ ತುದಿಗೆ ಅದೇ ಚುರುಕು ಈಗಲೂ ಬಂತು. ಅದು ಬಂದದ್ದೇ ನನಗೆ ಹೆದರಿಕೆ.

ಸರೋಜಾರ ನಂಬರು ಮೊಬೈಲಿನಲ್ಲಿತ್ತು. ಎರಡು ದಿನ ಬಿಟ್ಟು ಫೋನ್ ಹಚ್ಚಿದೆ. ಎತ್ತಿದರು. ಈಗ ಸೋಲಾಪುರದಲ್ಲಿದ್ದಾರೆ, ಕೋರ್ಟಿನ ಹತ್ತಿರ ತಂಗಿಯ ಝೆರಾಕ್ಸ್ ಅಂಗಡಿಯಲ್ಲಿ ಜನರಿಗೆ ಅರ್ಜಿ ತುಂಬಿಕೊಡುತ್ತಾರೆ. ಪುಣೆಯಲ್ಲಿ ವರ್ಷವಿಡೀ ಹುಡುಕಿದರೂ ಕೆಲಸ ಹತ್ತಲಿಲ್ಲವಂತೆ. ಮೊದಲು ಕುಶಲ ಕೇಳಿದರು, ದಾವಣಗೆರಿ ಕಡೆ ಮಳಿ ಹೆಂಗದ ಎಂದರು. ನಾನು ಓಣಿಗೆ ಹೋಗಿದ್ದನ್ನು ಹೇಳಿದೆ. ಸಲೂನಿನ ರಜೆ ಸೋಮವಾರವಂತೆ, ನನಗೆ ಮೊನ್ನೆ ಗೊತ್ತಾಯಿತು ಎಂದೆ. ಹೇಳುವಾಗಲೇ, ಇದನ್ನು ಕೇಳಿ ಅವರು ಬೈಯಲಿ, ಬೈದು ಹಗುರ ಮಾಡಲಿ ಎಂದು ಕಾದೆ ಅನ್ನಿಸುತ್ತದೆ.

ಆ ಕಡೆ ಯಂತ್ರ ಒಂದೆರಡು ಹಾಳೆ ತೆಗೆದ ಸದ್ದು.

"ಅಯ್ಯ, ನಾ ಅವತ್ತ ಹೇಳಿದ್ನಲ್ರಿ ಸರ್. ಈ ಊರಾಗ ಸಲೂನಿನ ಸೂಟಿ ಸೋಮವಾರ ಅಂತ. ಚಾದ ಗಾಡಿ ಕಡೆ ನಿಂತಾಗ. ನೀವು ಹೂಂ ಅಂದ್ರಿ."

ಇಲ್ಲ, ಸಲೂನ್ ಬಂದ್ ಇದೆ ನೋಡಿ ಎಂದಷ್ಟೇ ನೀವು ಹೇಳಿದ್ದು ಎಂದೆ.

"ಇರಬೌದ್ರಿ. ಭಾಳ ದಿನ ಆತು." ಆಮೇಲೆ, "ನಿಮಗ ಗೊತ್ತಿತ್ತು ಅಂತ ತಿಳಕೊಂಡೇ ನಾ ಸುಮ್ಮನಿದ್ದೆ ನೋಡ್ರಿ. ನಿಮ್ಮ ನೌಕರಿ ಮ್ಯಾಲ ಬರತದಂತ ಬರದ್ರಿ, ಇರಲಿ, ಅವರಿಗೂ ಮನೀ ಅದ ಅಂದ್ಕೊಂಡೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಯಾರೋ ಗಿರಾಕಿ ಬಂದರು. ಇಡ್ತೀನ್ರಿ ಎಂದು ಇಟ್ಟರು.

ಅವರು ಹೇಳಿದ್ದರೆ ನನಗೆ ಆಗಲೇ ಗೊತ್ತಿತ್ತು, ಗೊತ್ತಿದ್ದೂ ಬರೆದೆ ಎಂದಾಗುತ್ತದೆ. ಆದರೆ ಗೊತ್ತಿದ್ದವನು ಆ ಎರಡನೇ ಅಂಶವನ್ನು ಬರೆಯುತ್ತಿದ್ದನೇ? ಬರೆದಿದ್ದೆ ಎನ್ನುವುದೂ ನನ್ನ ನೆನಪೇ. ನೀಲೇಶ ಎಳೆದ ಗೆರೆ ಇವತ್ತು ನನಗೆ ಎಷ್ಟು ಅನುಕೂಲವಾಗಿ ಒದಗಿಬಂದಿದೆ ಎಂದು ನೋಡಿದರೆ, ಅದನ್ನೂ ನಾನೇ ಎಳೆದುಕೊಂಡೆನೋ ಎಂದು ಅನುಮಾನ ಬರುತ್ತದೆ. ಚಹಾದ ಗಾಡಿಯ ಹತ್ತಿರ ಅವರು ಸೋಮವಾರ ಎಂದರೋ ಇಲ್ಲವೋ, ನಾನು ಹೂಂ ಅಂದೆನೋ ಇಲ್ಲವೋ, ಅಂದಿದ್ದರೆ ಕೇಳಿಸಿಕೊಂಡು ಅಂದೆನೋ, ಕರ್ಚಿಕಾಯಿ ತಿನ್ನುತ್ತ ಸುಮ್ಮನೆ ಅಂದೆನೋ, ನನಗೆ ಗೊತ್ತಿಲ್ಲ.